ಹೆರಿಗೆ ಎಲ್ಲಾಯ್ತು ಎಂದು ಕೇಳುವ ಅರ್ಜಿ ಬರಹಗಾರರು

ಕಾರವಾರದಲ್ಲಿ ಹಳೇ ಜನನ ದಾಖಲೆಗೆ ಅರ್ಜಿ ಬರೆಸುವುದಿದ್ದರೆ, ಕಚೇರಿಗಳ ಹತ್ತಿರ ಮೆಟ್ಟಿಲ ಕೆಳಗೆ ಟೇಬಲ್ ಹಾಕಿಕೊಂಡು ಕೂರುವ ಹಿರಿಯರೊಬ್ಬರಿದ್ದಾರೆ. ಬೋರ್ಡಿಲ್ಲ. ನಾನು ಅವರಲ್ಲಿಗೆ ಹೋದದ್ದು ಕೈ ಸುಟ್ಟುಕೊಂಡ ಮೇಲೆ.

ಆಯಿ, ಅಂದರೆ ನನ್ನ ತಾಯಿ, 1955ರಲ್ಲಿ ಸೂಪಾದಲ್ಲಿ ಹುಟ್ಟಿದವಳು. ಆಧಾರಿನಲ್ಲೊಂದು ತಾರೀಖು, ಬ್ಯಾಂಕಿನಲ್ಲೊಂದು. ಮೊದಲು ಹೋದ ಝೆರಾಕ್ಸ್ ಅಂಗಡಿಯ ಹುಡುಗ "ಊರು ಯಾವುದು?" ಅಂದ. ಆಯಿ "ರಾಮನಗರ" ಅಂದಳು, ಬೆಂಗಳೂರಿನ ಹತ್ತಿರದ್ದಲ್ಲ, ನಮ್ಮ ಜಿಲ್ಲೆಯದ್ದು. ಅವಳ ಮಟ್ಟಿಗೆ ಅದು ಸುಳ್ಳೂ ಅಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಸೂಪಾ ಮುಳುಗುವಾಗ ಅವರಿಗೆ ಜಾಗ ಸಿಕ್ಕಿದ್ದು ಅಲ್ಲೇ. ದೇವರು, ತುಳಸಿಕಟ್ಟೆ, ನೆಂಟರು ಎಲ್ಲ ಅಲ್ಲೇ. ಅರ್ಜಿ ಹಾಗೇ ಹೋಯಿತು, ಶಾಲೆಯ ದಾಖಲೆಗೆ ತಾಳೆಯಾಗದೆ ವಾಪಸ್ ಬಂತು.

ಈ ಹಿರಿಯರು ಊರಿನ ಸುದ್ದಿಗೇ ಹೋಗಲಿಲ್ಲ. "ಹೆರಿಗೆ ಎಲ್ಲಾಯ್ತು ಅಮ್ಮಾ?" ಅಂದರು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ನಿಮ್ಮ ಮನೆತನವಾಗಲಿ ಖಾಯಂ ವಿಳಾಸವಾಗಲಿ ಮುಖ್ಯವಲ್ಲ, ಮಗು ಯಾವ ನೋಂದಣಾಧಿಕಾರಿಯ ವ್ಯಾಪ್ತಿಯಲ್ಲಿ ಹುಟ್ಟಿತು ಅನ್ನುವುದಷ್ಟೇ ಮುಖ್ಯ ಅಂತ ವಿವರಿಸಿದರು. ಇಲ್ಲೇ ಮಾಡಿಸಬಹುದಾ, ಹೇಗೂ ಕಾರವಾರ ಜಿಲ್ಲೆಯೇ ಅಲ್ಲವಾ, ಅಂದೆ. (ಉತ್ತರ ಕನ್ನಡ ಅನ್ನುವ ರೂಢಿ ನಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲ.) ನಕ್ಕರು. "ಮಾತಿಗೆ ಕಾರವಾರ, ಕಡತಕ್ಕೆ ಜೋಯಿಡಾ." ಸೂಪಾ ಈಗ ಬರುವುದು ಆ ತಾಲೂಕಿಗೆ. ಅಲ್ಲಿ ದಾಖಲೆ ಇಲ್ಲವೆಂದು ಮೊದಲು ಬರೆಸಿಕೊಂಡು, ಆಮೇಲೆ ಮ್ಯಾಜಿಸ್ಟ್ರೇಟ್ ಆದೇಶಕ್ಕೆ ಹೋಗಬೇಕು ಅಂದರು. ಅಂದರೆ ಜೋಯಿಡಾಕ್ಕೆ ಅಣಶಿ ಘಟ್ಟದ ಬಸ್ಸು ತಪ್ಪಿದ್ದಲ್ಲ.

ರಾಜ್ಯದ ಕಾಲಮಿನಲ್ಲಿ ನಾನಾಗಿದ್ದರೆ ಕರ್ನಾಟಕ ಅಂತ ಗೀಚುತ್ತಿದ್ದೆ. ಆದರೆ 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಇದ್ದದ್ದು ಮುಂಬೈ ರಾಜ್ಯದಲ್ಲಿ. ಕರ್ನಾಟಕ ಎಂಬ ಹೆಸರು ಬಂದದ್ದು 1973ಕ್ಕೆ. ಅವರು "ಸೂಪಾ, ಈಗಿನ ಜೋಯಿಡಾ ತಾಲೂಕು, ಆಗಿನ ಮುಂಬೈ ರಾಜ್ಯ, ಈಗಿನ ಕರ್ನಾಟಕ" ಎಂದು ಪೂರ್ತಿ ಬರೆದರು. ಸೂಪಾ ಅನ್ನುವ ಹೆಸರು ಅಣೆಕಟ್ಟಿಗಷ್ಟೇ ಉಳಿಯಿತು ಅನ್ನುತ್ತಿದ್ದ ಆಯಿ ಆ ಸಾಲನ್ನು ಎರಡು ಸಲ ಓದಿಸಿಕೊಂಡಳು.

ದೂರೂ ಇದೆ. ಒಂದೂವರೆಗೆ ಊಟಕ್ಕೆ ಎದ್ದರೆ ನಾಲ್ಕರವರೆಗೆ ಆಸಾಮಿ ನಾಪತ್ತೆ. ಪ್ರಿಂಟರಿನಲ್ಲಿ ಒತ್ತಕ್ಷರಗಳು ಉದುರಿ, ನನ್ನ ಅಪ್ಪನ ಹೆಸರು ಯಾರದ್ದೋ ಆಗಿ, ಮತ್ತೆ ತೆಗೆಸಬೇಕಾಯಿತು. 350 ರೂಪಾಯಿ ಹೆಚ್ಚೆನಿಸಲಿಲ್ಲ. ನನ್ನಿಂದ ಐದಕ್ಕೆ ನಾಲ್ಕು ಅಂಕ. ಹೋಗುವವರು ಶಾಲೆಯ ದಾಖಲೆಯ ಪ್ರತಿ, ಚಿಲ್ಲರೆ ಎರಡನ್ನೂ ಒಯ್ಯಿರಿ, ಫೋನ್‌ಪೇ ನಡೆಯುವುದಿಲ್ಲ.