ಹಳೇ ಸ್ಟೇನ್ಡ್ ಗ್ಲಾಸ್ ಕಂಪನಿಗಳ ವ್ಯವಹಾರ ಹುಡುಕಲು ಲಂಡನ್ ಗೆಜೆಟ್: ನನ್ನ ರಿವ್ಯೂ

ಇಂಗ್ಲೆಂಡಿನ ಹಳೇ ಸ್ಟೇನ್ಡ್ ಗ್ಲಾಸ್ (ಚರ್ಚ್ ಕಿಟಕಿಗಳಲ್ಲಿರುವಂಥ ಚಿತ್ರದ ಬಣ್ಣದ ಗಾಜು) ಕಂಪನಿಗಳ ವ್ಯವಹಾರದ ಚರಿತ್ರೆ ಹುಡುಕುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಲಂಡನ್ ಗೆಜೆಟ್ ನೋಡಿ ಅಂತ. ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಅದು. 1665ರಲ್ಲಿ ಶುರುವಾದದ್ದು, ಹಳೇ ಸಂಚಿಕೆಗಳು ಸ್ಕ್ಯಾನ್ ಆಗಿ ಅವರ ವೆಬ್‌ಸೈಟಿನಲ್ಲಿವೆ. ಹುಡುಕೋಕೆ, ಓದೋಕೆ ದುಡ್ಡು ಕೊಡಬೇಕಾಗಿಲ್ಲ. ಶಿರಸಿಯಲ್ಲಿ ಕೂತೂ ನೋಡಬಹುದು.

ಬಣ್ಣದ ಗಾಜಿನ ಬಗ್ಗೆ ಬರೆಯುವವರು ಜಾಸ್ತಿ ಚಿತ್ರದ ಬಗ್ಗೆಯೇ ಬರೆಯುತ್ತಾರೆ. ವಿನ್ಯಾಸ ಯಾರದು, ಆ ನೀಲಿ ಎಲ್ಲಿಂದ ಬಂತು, ಮುಖ ಯಾರು ಬರೆದರು. ಅದೆಲ್ಲ ಬೇಕು, ನನಗೂ ಇಷ್ಟ. ಆದರೆ ಆ ವರ್ಕ್‌ಶಾಪ್ ನಡೆಸಿದ್ದು ವ್ಯಾಪಾರಿಗಳು ಅಲ್ವಾ? ಯಾವ ಪಾಲುದಾರ ಯಾವಾಗ ಬಿಟ್ಟುಹೋದ, ಸಾಲ ಯಾರ ತಲೆಗೆ ಬಂತು, ಅಂಗಡಿ ಯಾವ ಬೀದಿಯಲ್ಲಿತ್ತು ಅನ್ನುವುದನ್ನೆಲ್ಲ ಕಿಟಕಿ ಹೇಳಲ್ಲ. ಗೆಜೆಟ್ಟಿನ ಹಿಂದಿನ ಪುಟಗಳಲ್ಲಿ ಒತ್ತೊತ್ತಾಗಿ ಅಚ್ಚಾದ ಪಾಲುದಾರಿಕೆ ಮುರಿದ ನೋಟಿಸ್‌ಗಳು ಹೇಳುತ್ತವೆ.

ಒಂದು ನೋಟಿಸ್ ಹೇಗಿರುತ್ತದೆ ಅಂದರೆ, ಕೆಳಗೆ ಸಹಿ ಹಾಕಿದ ನಮ್ಮ ನಡುವೆ ಇಂಥ ವಿಳಾಸದಲ್ಲಿ, ಇಂಥ ಹೆಸರಿನ ಫರ್ಮ್‌ನಲ್ಲಿ, ಗ್ಲಾಸ್ ಪೇಂಟರ್‌ಗಳಾಗಿ ನಡೆಯುತ್ತಿದ್ದ ಪಾಲುದಾರಿಕೆ ಇಂಥ ತಾರೀಖಿನಿಂದ ಪರಸ್ಪರ ಒಪ್ಪಿಗೆಯಿಂದ ಮುರಿದಿದೆ, ಬರಬೇಕಾದ್ದನ್ನು ವಸೂಲಿ ಮಾಡುವುದು, ಕೊಡಬೇಕಾದ್ದನ್ನು ತೀರಿಸುವುದು ಇಂಥವರು ಅಂತ. ಕೊನೆಗೆ ಎಲ್ಲರ ಹೆಸರು. ಅಷ್ಟೇ. ನಾಲ್ಕೈದು ಸಾಲಿನಲ್ಲಿ ವಿಳಾಸ, ತಾರೀಖು, ಪಾಲುದಾರರ ಪೂರ್ತಿ ಹೆಸರು, ವ್ಯವಹಾರ ಯಾರ ಕೈಗೆ ಹೋಯಿತು ಅನ್ನುವುದು ಎಲ್ಲ ಸಿಕ್ಕಿಬಿಡುತ್ತದೆ.

ಇದನ್ನು ಅವರು ಸುಮ್ನೆ ಹಾಕಿಸುತ್ತಿರಲಿಲ್ಲ. ಬಿಟ್ಟುಹೋದವನ ತಲೆಗೆ ಮುಂದಿನ ಸಾಲ ಬರಬಾರದು ಅಂದರೆ ಊರಿಗೆಲ್ಲ ತಿಳಿಸಬೇಕು. ಬ್ರಿಟನ್ನಿನ 1890ರ ಪಾಲುದಾರಿಕೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲಿ ಗೆಜೆಟ್ಟಿನ ಹೆಸರೇ ಇದೆ. ನಮ್ಮ 1932ರ ಕಾಯ್ದೆಯೂ ನೋಂದಾಯಿತ ಫರ್ಮ್ ಮುರಿದರೆ ಸರ್ಕಾರಿ ಗೆಜೆಟ್‌ನಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆಯಲ್ಲೂ ಹಾಕಿಸಿ ಅನ್ನುತ್ತದೆ. ನಮ್ಮ ಕನ್ನಡ ಪೇಪರ್‌ಗಳ ಮೂಲೆಯಲ್ಲಿ ಬರುವ ‘ಸಾರ್ವಜನಿಕ ಪ್ರಕಟಣೆ’ಗಳನ್ನೂ ಯಾರಾದರೂ ಹೀಗೇ ಸ್ಕ್ಯಾನ್ ಮಾಡಿ ಇಡಬೇಕು ಅಂತ ನನಗೆ ತುಂಬಾ ಆಸೆ.

ಫರ್ಮ್ ಹೆಸರಿನಿಂದಲೇ ಕಿಟಕಿಯ ಕಾಲ ಅಂದಾಜು ಮಾಡಬಹುದು. ಕ್ಲೆಮೆಂಟ್ ಹೀಟನ್ 1852ರಲ್ಲಿ ಬಣ್ಣದ ಗಾಜಿನ ಅಂಗಡಿ ತೆರೆದ, 1855ರಲ್ಲಿ ಜೇಮ್ಸ್ ಬಟ್ಲರ್ ಸೇರಿದ, 1862ರಲ್ಲಿ ರಾಬರ್ಟ್ ಟರ್ನಿಲ್ ಬೇನ್ ಪಾಲುದಾರನಾದ. ಅಲ್ಲಿಂದ ಅದು ಹೀಟನ್, ಬಟ್ಲರ್ ಅಂಡ್ ಬೇನ್ ಆಗಿ 1953ರವರೆಗೂ ನಡೆಯಿತು. ಹಾಗಾಗಿ ಯಾವುದೋ ಹಳೇ ಬಿಲ್ಲಿನಲ್ಲಿ ಬರೀ ‘ಹೀಟನ್ ಅಂಡ್ ಬಟ್ಲರ್’ ಅಂತಿದ್ದರೆ ಅದು ಬೇನ್ ಬರುವ ಮುಂಚಿನದು ಅಂತ ಹುಡುಕಾಟ ಶುರು ಮಾಡಬಹುದು. ಇನ್ನೊಬ್ಬ ಗಾಜಿನ ವಿನ್ಯಾಸಕಾರ ಚಾರ್ಲ್ಸ್ ಕೆಂಪ್‌ನದು ಇನ್ನೊಂದು ಥರ. ಅವನು ಗಾಜಿನ ಮೇಲೆ ಹಾಕುತ್ತಿದ್ದ ಗುರುತು ಗೋಧಿಯ ಸಿವುಡು. 1907ರಲ್ಲಿ ಅವನು ತೀರಿಕೊಂಡ ಮೇಲೆ ಅವನ ವರ್ಕ್‌ಶಾಪ್ ಲಿಮಿಟೆಡ್ ಕಂಪನಿಯಾಯಿತು, ನಡೆಸಿದವನು ಸಂಬಂಧಿ ವಾಲ್ಟರ್ ಟವರ್, ಆಮೇಲಿನ ಗಾಜಿನಲ್ಲಿ ಸಿವುಡಿನ ಜೊತೆ ಒಂದು ಪುಟ್ಟ ಗೋಪುರವೂ ಬಂತು. 1934ರಲ್ಲಿ ಮುಚ್ಚಿತು. ಇಂಥ ಲಿಮಿಟೆಡ್ ಕಂಪನಿಗಳಿಗೆ ಪಾಲುದಾರಿಕೆ ನೋಟಿಸ್ ಹುಡುಕಿ ಪ್ರಯೋಜನವಿಲ್ಲ, ಲಿಕ್ವಿಡೇಟರ್ (ಕಂಪನಿ ಮುಚ್ಚುವಾಗ ಲೆಕ್ಕ ತೀರಿಸುವವನು) ನೇಮಕ, ಸಾಲ ಕೊಟ್ಟವರ ಸಭೆ ಇವುಗಳನ್ನು ಹುಡುಕಬೇಕು.

ಇನ್ನು ಹುಡುಕುವ ರೀತಿ. ‘ಸ್ಟೇನ್ಡ್ ಗ್ಲಾಸ್’ ಅಂತಷ್ಟೇ ಹಾಕಿದರೆ ಬಹಳಷ್ಟು ತಪ್ಪಿಹೋಗುತ್ತದೆ, ‘ಗ್ಲಾಸ್ ಸ್ಟೇನರ್’, ‘ಗ್ಲಾಸ್ ಪೇಂಟರ್’ ಅಂತಲೂ ಹಾಕಿ ನೋಡಿ. ಹಳೇ ಅಚ್ಚನ್ನು ಯಂತ್ರ ಓದಿರುವುದರಿಂದ ಹೆಸರಿನ ಒಂದಕ್ಷರ ಕೆಟ್ಟರೂ ಸಿಗಲ್ಲ. ಆಗ ಹೆಸರು ಬಿಟ್ಟು ಬೀದಿಯ ಹೆಸರು ಹಾಕಿ, ತಾರೀಖನ್ನು ಒಂದೆರಡು ವರ್ಷಕ್ಕೆ ಇಳಿಸಿ ಪುಟಗಳನ್ನು ಕಣ್ಣಲ್ಲೇ ಓದಿ. ತಾಳ್ಮೆ ಬೇಕು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ ಹಳೇ ಟ್ರೇಡ್ ಡೈರೆಕ್ಟರಿಗಳನ್ನು (ವ್ಯಾಪಾರಿಗಳ ಹೆಸರು, ವಿಳಾಸದ ಪಟ್ಟಿಗಳು) ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ, ಬೀದಿ ಅಲ್ಲಿ ಸಿಗುತ್ತದೆ.

ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಅಕ್ಷರದ ತೊಂದರೆಗೆ. ಒಂದು ಮಾತು ನೆನಪಿರಲಿ, ನೋಟಿಸ್ ಸಿಗಲಿಲ್ಲ ಅಂದರೆ ಪಾಲುದಾರಿಕೆ ಮುರಿದೇ ಇಲ್ಲ ಅಂತ ಅರ್ಥವಲ್ಲ. ಮತ್ತೆ ಒಂದು ಕಿಟಕಿಗೆ ಎಷ್ಟು ಬೆಲೆ, ಯಾರು ಆರ್ಡರ್ ಕೊಟ್ಟರು ಅನ್ನುವುದೂ ಇಲ್ಲಿರಲ್ಲ. ಅದಕ್ಕೆ ಕಂಪನಿಯ ಸ್ವಂತ ಪುಸ್ತಕಗಳೇ ಬೇಕು. 1834ರಲ್ಲಿ ವೈನ್ ವ್ಯಾಪಾರಿ ಜೇಮ್ಸ್ ಪೊವೆಲ್ ಕೊಂಡ ವೈಟ್‌ಫ್ರಯರ್ಸ್ ಗಾಜಿನ ಕಾರ್ಖಾನೆ 1980ರವರೆಗೆ ನಡೆಯಿತಲ್ಲ, ಅದರ ದಾಖಲೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಆರ್ಕೈವ್‌ನಲ್ಲಿವೆ. ಎಲ್ಲ ಕಂಪನಿಗೂ ಆ ಅದೃಷ್ಟ ಇಲ್ಲ, ಅದಕ್ಕೇ ಗೆಜೆಟ್ ಇಷ್ಟು ಮುಖ್ಯ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿ ನೋಡಿ ಆಸಕ್ತಿ ಬಂದವರು ಲಂಡನ್ ಬಿಟ್ಟು ಎಡಿನ್‌ಬರ್ಗ್ ಗೆಜೆಟ್ಟಿನಿಂದ ಶುರು ಮಾಡಿ. ಆ ಚಾವಣಿ ಬಂದದ್ದು ಗ್ಲಾಸ್ಗೋದಿಂದ, ಸ್ಕಾಟ್ಲೆಂಡಿನ ಫರ್ಮ್‌ಗಳ ನೋಟಿಸ್ ಬರುತ್ತಿದ್ದದ್ದು ಅದರಲ್ಲೇ. ಅದೇ ವೆಬ್‌ಸೈಟಿನಲ್ಲಿ ಅದೂ ಇದೆ.