ಡಬ್ಬಿಯೋ, ಪ್ಲಾಸ್ಟಿಕ್ ಕ್ಯಾಮೆರಾವೋ, ಆ್ಯಪೋ?

ಕದಡಿದ, ಬೆಳಕು ಸೋರಿದ, ಒಂದರ ಮೇಲೊಂದು ಬಿದ್ದ ಫೋಟೊಗಳ ಹುಚ್ಚಿರುವವರಿಗೆ ಮೂರು ದಾರಿ: ಫೋನಿನ ಆ್ಯಪ್, 120 ಎಂಬ ಅಗಲ ರೀಲಿನ ಪ್ಲಾಸ್ಟಿಕ್ ಕ್ಯಾಮೆರಾ, ತಗಡಿನ ಡಬ್ಬಿಗೆ ನಾವೇ ಸೂಜಿಯಿಂದ ತೂತು ಹಾಕಿಕೊಳ್ಳುವ, ಲೆನ್ಸಿಲ್ಲದ ಪಿನ್‌ಹೋಲ್ ಕ್ಯಾಮೆರಾ. ನನ್ನ ಓಟು ಡಬ್ಬಿಗೆ. ಪ್ಲಾಸ್ಟಿಕ್ ಕ್ಯಾಮೆರಾ ಕೊಂಡ ಮೇಲಂತೂ ಅದರಲ್ಲಿ ಅನುಮಾನವೇ ಉಳಿದಿಲ್ಲ.

ಆ್ಯಪ್ ಬಗ್ಗೆ ಹೇಳುವುದು ಕಮ್ಮಿ. ಪ್ರತಿ ಚಿತ್ರದಲ್ಲೂ ಬೆಳಕು ಸೋರಿದಂತೆ ಅದೇ ಕಿತ್ತಳೆ ಪಟ್ಟೆ, ಅದೇ ಮೂಲೆ. ನೋಡುವವರು 'ಚೆನ್ನಾಗಿದೆ' ಎಂದು ಬೆರಳು ಸರಿಸುತ್ತಾರೆ.

ಪ್ಲಾಸ್ಟಿಕ್ ಕ್ಯಾಮೆರಾದ ಚಿತ್ರ ಇಷ್ಟವೇ: ಅಂಚು ಕಪ್ಪು, ನಡುವೆ ಮಾತ್ರ ಸ್ಪಷ್ಟ. ತಲೆ ತಿಂದದ್ದು ಬೆನ್ನಿನ ಕೆಂಪು ಕಿಟಕಿ. ರೀಲಿನ ಹಿಂದಿರುವ ಕಾಗದದ ಅಂಕಿಯನ್ನು ಅದರಲ್ಲಿ ನೋಡಿಕೊಂಡು ಕೈಯಿಂದಲೇ ರೀಲು ಸುತ್ತಬೇಕು. ಬಿಸಿಲಲ್ಲಿ ಕಿಟಕಿ ಹೊಳೆದು ಅಂಕಿ ಕಾಣದು, ಸಂಜೆಯಾದರೆ ಕತ್ತಲೆಗೆ ಕಾಣದು. ಸ್ವಲ್ಪ ಹೆಚ್ಚು ಸುತ್ತಿದರೆ ಅಂಕಿ ದಾಟಿ ಹೋಗುತ್ತದೆ, ಹಿಂದಕ್ಕೆ ತಿರುಗಿಸುವಂತಿಲ್ಲ. 6×6 ಸೆಂ.ಮೀ. ಚೌಕದ ಚಿತ್ರವಾದರೆ ಒಂದು ರೀಲಿಗೆ ಸಿಗುವುದೇ 12 ಫ್ರೇಮು.

ಸುತ್ತಲು ಮರೆತರೆ ಷಟರ್ ತಡೆಯುವುದೂ ಇಲ್ಲ, ಒಂದೇ ಫ್ರೇಮಿನ ಮೇಲೆ ಎರಡು ಚಿತ್ರ. ಸರಿ, ಅದು ಬೇಕೆಂದೇ ಕೊಂಡದ್ದು. ಆದರೆ ಬೆನ್ನಿನ ಮುಚ್ಚಳ ಸಡಿಲವಾಗಿ ಕಳಚಿಕೊಂಡು ಇಡೀ ರೀಲು ಬೆಳಕು ಕುಡಿದರೆ? ನೆಗೆಟಿವ್ ಪೂರ್ತಿ ಕಪ್ಪು. ನೋಡುವವನಿಗೆ ಊಹಿಸಲಿಕ್ಕಾದರೂ ಏನಾದರೂ ಉಳಿಯಬೇಕಲ್ಲ.

ಡಬ್ಬಿ ಅದನ್ನು ಉಳಿಸುತ್ತದೆ. 0.4 ಮಿ.ಮೀ. ತೂತು, ಅದರಿಂದ 100 ಮಿ.ಮೀ. ದೂರದಲ್ಲಿ ಫೋಟೊ ಕಾಗದ, ದೂರವನ್ನು ತೂತಿನ ಅಳತೆಯಿಂದ ಭಾಗಿಸಿದರೆ ಎಫ್/250, ಅಂದರೆ ಒಳಬರುವ ಬೆಳಕು ತೀರಾ ಕಮ್ಮಿ. ಒಳ್ಳೆ ಬಿಸಿಲಲ್ಲೂ ಹೆಚ್ಚುಕಮ್ಮಿ ಒಂದು ನಿಮಿಷ ತೂತು ತೆರೆದಿಡಬೇಕು. ನಡೆದು ಹೋದವರು ಮಾಯ, ನಿಂತು ಹೊರಟವರು ಹೊಗೆಯಂತೆ. 1838ರಲ್ಲಿ ಫೋಟೊಗ್ರಫಿಯ ಆದ್ಯರಲ್ಲೊಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತೆಗೆದಾಗಲೂ ಓಡಾಟವೆಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಂತಿದ್ದವನು ಕಾಣಿಸಿಕೊಂಡ. ಇವತ್ತಿಗೂ ನೋಡಿದವರ ಕಣ್ಣು ಅವನ ಹತ್ತಿರವೇ ಹೋಗುತ್ತದೆ. ನನ್ನ ಪ್ರಿಂಟುಗಳ ಮುಂದೆಯೂ ಹೀಗೇ. ಒಂದರಲ್ಲಿದ್ದ ಮಸಿಯಂಥ ಕಲೆಯನ್ನು ಒಬ್ಬರು ಮರವೆಂದರು, ಇನ್ನೊಬ್ಬರು ಯಾರೋ ಬಗ್ಗಿದ್ದಾರೆಂದರು. ನಾನು ಸುಮ್ಮನಿದ್ದೆ; ನನಗೂ ಖಾತ್ರಿಯಿಲ್ಲ.

ತಾಪತ್ರಯ ಇಲ್ಲವೆಂದಲ್ಲ. ಒಮ್ಮೆಗೆ ಒಂದೇ ಚಿತ್ರ, ಪ್ರತಿ ಸಲವೂ ಕೆಂಪು ದೀಪದ ಕೋಣೆಗೆ ಹೋಗಿ ಕಾಗದ ಬದಲಿಸಬೇಕು. ಈ ಕಪ್ಪುಬಿಳುಪು ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಕೆಂಪು ಅಂಗಿ ಪ್ರಿಂಟಿನಲ್ಲಿ ಕಪ್ಪಂಗಿ.

ನಾನು ವಾರಕ್ಕೊಮ್ಮೆ ಪುರುಸೊತ್ತಿನಲ್ಲಿ ತೆಗೆಯುವವನು, ರೀಲಿಗೂ ಲ್ಯಾಬಿಗೂ ಸುರಿಯಲು ದುಡ್ಡಿಲ್ಲ. ಒಂದು ಪೊಟ್ಟಣ ಕಾಗದವನ್ನು ಕತ್ತರಿಸಿಕೊಂಡರೆ ಬಹುಕಾಲ ಬರುತ್ತದೆ. ಮಕ್ಕಳನ್ನೋ ನಾಯಿಯನ್ನೋ ತೆಗೆಯುವವರು ಪ್ಲಾಸ್ಟಿಕ್ಕನ್ನೇ ಕೊಳ್ಳಿ, ಮುಚ್ಚಳಕ್ಕೆ ಕಪ್ಪು ಟೇಪು ಸುತ್ತಿ. ಡಬ್ಬಿಯ ಮುಂದೆ ಅವರ್ಯಾರೂ ಒಂದು ನಿಮಿಷ ನಿಲ್ಲುವುದಿಲ್ಲ.