ಅಮ್ಮನ ವಯಸ್ಸು ತಿದ್ದಿಸೋಕೆ ಹೋಗಿ ಬೇಸ್ತು ಬಿದ್ದೆ, ನೀವು ಬೀಳಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಬೆಂಗಳೂರಲ್ಲಿ ಹನ್ನೆರಡು ವರ್ಷದಿಂದ ಅಂಗಡಿ ಲೆಕ್ಕ ಬರೆಯೋನು ನಾನು. ಅಂಥವನೇ ಏಜೆಂಟ್ ಒಬ್ಬನ ಕೈಗೆ ಅಮ್ಮನ ಆಧಾರ್ ಕಾರ್ಡ್ ಕೊಟ್ಟೆ, ಮೇಲೆ 4,500 ರೂಪಾಯಿ ಎಣಿಸಿ ಕೊಟ್ಟೆ. ಆ ದುಡ್ಡು ಹೋದದ್ದೇ ಇದರಲ್ಲಿ ಸಣ್ಣ ನಷ್ಟ.

ನಮ್ಮೂರು ತುಮಕೂರು ಕಡೆ. ಆಧಾರ್ ಕ್ಯಾಂಪ್ ಹಾಕಿದ್ದಾಗ ಶಾಲೆ ಜಗುಲಿ ಮೇಲೆ ಕೂತಿದ್ದ ಹುಡುಗರು ವಯಸ್ಸೆಷ್ಟು ಅಂತ ಕೇಳಿ, ಅಂದಾಜಿಗೆ ಒಂದು ವರ್ಷ ಬರ್ಕೊಂಡಿದ್ರು. ಹಾಗಾಗಿ ಊರಲ್ಲಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು. ಅಮ್ಮನದು 01-01-1964. ‘ನಾನು ಅದಕ್ಕಿಂತ ದೊಡ್ಡವಳು ಕಣೋ’ ಅಂತ ಅಮ್ಮ ಹೇಳ್ತಾನೇ ಇದ್ದಳು, ನಾವ್ಯಾರೂ ಕಿವಿ ಕೊಟ್ಟಿರಲಿಲ್ಲ.

ಹೋದ ವರ್ಷ ಅಂದ್ರೆ 2025ರ ಬೇಸಿಗೆ. ಪಕ್ಕದ ಮನೆಯವರಿಗೆ ಸಂಧ್ಯಾ ಸುರಕ್ಷಾ ಅನ್ನೋ ಸರ್ಕಾರಿ ಪಿಂಚಣಿಯಲ್ಲಿ ತಿಂಗಳಿಗೆ 1,200 ಬರ್ತಿತ್ತು. ಅದಕ್ಕೆ 65 ತುಂಬಿರಬೇಕು, ಅಮ್ಮನಿಗೆ ಕಾರ್ಡ್ ಪ್ರಕಾರ 61. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಹತ್ರ ಸಿಕ್ಕ ಈ ಮನುಷ್ಯ. ‘ಆಧಾರಲ್ಲಿ ನಾಲ್ಕು ವರ್ಷ ಹಿಂದಕ್ಕೆ ತಳ್ಳಿದ್ರೆ ಆಯ್ತಲ್ಲ ಸಾರ್. ಇಡೀ ಹೋಬಳಿಗೆ ನಾನೇ ಮಾಡ್ಸಿರೋದು.’ ದಾಖಲೆ ಏನು ಕೊಡ್ತೀರಾ ಅಂದೆ. ‘ಅದು ನನ್ ತಲೆನೋವು. ಅಮ್ಮನ್ನ ಒಂದ್ಸಲ ಕರ್ಕೊಂಡ್ ಬನ್ನಿ, ಬೆರಳು ಒತ್ತಿದ್ರೆ ಸಾಕು.’

ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಮಾಡ್ತಿರೋದು ತಪ್ಪು ಅಂತ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲರೂ ಮಾಡಿಸ್ಕೊಂಡಿದ್ದಾರಲ್ಲ ಅನ್ನೋ ಧೈರ್ಯ. ಆ ತಿದ್ದುಪಡಿಗೆ ಆಗ ಸರ್ಕಾರಿ ಶುಲ್ಕ 50 ರೂಪಾಯಿ. ನಾನು ಕೊಟ್ಟದ್ದು 4,500. ಲೆಕ್ಕ ಬರೆಯೋನು!

ಮೂರು ವಾರಕ್ಕೆ ಹೊಸ ಕಾರ್ಡ್ ಬಂತು. ಪಿಂಚಣಿ ಅರ್ಜಿನೂ ಅವನೇ ಹಾಕಿದ. ಪರಿಶೀಲನೆಗೆ ಅಂತ ಗ್ರಾಮ ಆಡಳಿತ ಅಧಿಕಾರಿ ಕರೆಸಿದಾಗ ರಜೆ ಹಾಕಿ ನಾನೂ ಹೋದೆ. ಅವರು ಆಧಾರ್, ವೋಟರ್ ಐಡಿ, ರೇಷನ್ ಕಾರ್ಡ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದರ ಮೇಲೊಂದು ಬೆರಳಿಟ್ಟು ಓದಿದರು. ಆಮೇಲೆ ಅಪ್ಪನ ಕಾರ್ಡ್ ಕೇಳಿದರು. ಅಪ್ಪನದು 1959. ಅಮ್ಮನ ಹೊಸ ಕಾರ್ಡಲ್ಲಿ 1957! ‘ಯಜಮಾನರಿಗಿಂತ ಎರಡು ವರ್ಷ ದೊಡ್ಡವರಾ ತಾಯಿ?’ ಅಂದರು. ಅಮ್ಮ ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕಳು. ಅವಳಿಗೆ ಏನು ನಡೀತಿದೆ ಅಂತಾನೇ ಗೊತ್ತಿಲ್ಲ. ನನಗೆ ಮಾತ್ರ ನಿಂತಲ್ಲೇ ಬೆವರು.

ಅದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ‘60 ಆಗಿದ್ರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಹಾಕಬಹುದಿತ್ತಲ್ರೀ, ಬಿಪಿಎಲ್ ಕಾರ್ಡೂ ಇದೆ. ಇದನ್ನ ಯಾಕೆ ತಿದ್ದಿಸೋಕೆ ಹೋದ್ರಿ?’

60ಕ್ಕೇ ಇತ್ತು! ಮೊತ್ತ ಸ್ವಲ್ಪ ಕಡಿಮೆ, ಅಷ್ಟೇ. ಹಳೇ ಕಾರ್ಡಲ್ಲೇ, ಏನೂ ತಿದ್ದದೆ, ಸಿಗ್ತಿತ್ತು. ಹೋಬಳಿಗೆಲ್ಲ ಮಾಡಿಸಿದ ಆ ಮನುಷ್ಯನಿಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ಹೇಳಿದ್ರೆ 4,500 ಎಲ್ಲಿಂದ ಬರ್ತಿತ್ತು.

ಅರ್ಜಿ ತಿರಸ್ಕಾರ ಆಯ್ತು. ಫೋನ್ ಮಾಡಿದೆ. 1957 ಯಾಕೆ ಹಾಕಿದ್ರಿ ಅಂದ್ರೆ ‘ಸೇಫ್ಟಿಗೆ ಸಾರ್’ ಅಂತಾನೆ. ಯಾವ ದಾಖಲೆ ಕೊಟ್ರಿ ಅಂತ ಮೂರು ಸಲ ಕೇಳಿದ ಮೇಲೆ ವಾಟ್ಸಾಪಲ್ಲಿ ಒಂದು ಜನನ ಪ್ರಮಾಣಪತ್ರ ಕಳಿಸಿದ. ಹುಟ್ಟಿದ ಸ್ಥಳ ಅಂತ ನಮ್ಮೂರ ಹೆಸರು. ಅಮ್ಮ ನಮ್ಮೂರಿಗೆ ಬಂದದ್ದೇ ಮದುವೆ ಆದ ಮೇಲೆ! ವಾಪಸ್ ಸರಿ ಮಾಡ್ಸಿ ಅಂದ್ರೆ ‘ಹುಟ್ಟಿದ ದಿನಾಂಕ ಬದಲಾಯ್ಸೋಕೆ ಒಂದೇ ಚಾನ್ಸ್ ಸಾರ್, ಮುಗೀತು. ಇನ್ನೇನಿದ್ರೂ ಬೆಂಗಳೂರಿನ ಆಧಾರ್ ಕಚೇರಿಗೆ ಹೋಗ್ಬೇಕು, ನೀವು ಅಲ್ಲೇ ಇದ್ದೀರಲ್ಲ.’ ನೀವು ಅಲ್ಲೇ ಇದ್ದೀರಲ್ಲ! ದುಡ್ಡು ವಾಪಸ್ ಕೇಳಿದೆ. ‘ಕಂಪ್ಲೇಂಟ್ ಕೊಡಿ ಸಾರ್, ಸುಳ್ಳು ದಾಖಲೆ ಯಾರ ಹೆಸರಲ್ಲಿದೆ ನೋಡ್ಕೊಳ್ಳಿ.’ ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ಬ್ಯಾಂಕಲ್ಲಿ ಕೆವೈಸಿ ಕೇಳಿದರು, ಹುಟ್ಟಿದ ದಿನ ತಾಳೆ ಆಗಲಿಲ್ಲ. ಗೃಹಲಕ್ಷ್ಮಿ 2,000 ಬೀಳೋದು ಅದೇ ಖಾತೆಗೆ. ಒಟಿಪಿ ಕಳಿಸಿದ್ದೀವಿ ಅಂದರು, ಅಮ್ಮನ ಫೋನಿಗೂ ಬರಲಿಲ್ಲ, ನನ್ನದಕ್ಕೂ ಬರಲಿಲ್ಲ. ನೋಡಿದ್ರೆ ಆಧಾರಿಗೆ ಆ ಏಜೆಂಟಿನ ನಂಬರ್ ಜೋಡಿಸಿದ್ದಾನೆ! ಬೆರಳು ಒತ್ತಿಸಿದ ದಿನವೇ. ಕೇಳಿದ್ದಕ್ಕೆ ‘ವಯಸ್ಸಾದೋರಿಗೆ ಒಟಿಪಿ ಎಲ್ಲ ಗೊತ್ತಾಗಲ್ವಲ್ಲ, ಅನುಕೂಲಕ್ಕೆ ಅಂತ’ ಅಂದ. ಯಾರ ಅನುಕೂಲಕ್ಕೆ?

ಇಷ್ಟೆಲ್ಲ ಆದ ಮೇಲೆ ಅಮ್ಮನ ತವರಿಗೆ ಹೋದೆ. ಅವಳು ಮೂರನೇ ಕ್ಲಾಸು ಓದಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ವರ್ಷ 1960. ಅಂದ್ರೆ 65 ನಿಜವಾಗಲೂ ಆಗಿತ್ತು. ಅಮ್ಮ ಹೇಳಿದ್ದೇ ಸರಿ. ನಿಜವನ್ನ ಬರೆಸೋಕೆ ಇದ್ದ ಒಂದೇ ಅವಕಾಶವನ್ನ ಸುಳ್ಳಿಗೆ ಖರ್ಚು ಮಾಡಿದೆ ನಾನು.

ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ ಈಗ ಕಾರ್ಡಲ್ಲೇ ಅಚ್ಚಾಗಿ ಬರುತ್ತೆ. 2024ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಅಪಘಾತ ಪರಿಹಾರದ ಕೇಸಲ್ಲಿ ಆಧಾರಿಗಿಂತ ಶಾಲೆಯ ಪ್ರಮಾಣಪತ್ರದ ದಿನಾಂಕವನ್ನೇ ಒಪ್ಪಿಕೊಂಡಿತು. ಹೇಳೋಕೇನು, ಪ್ರತಿ ಕೌಂಟರಲ್ಲೂ ಮೊದಲು ಕೈ ಚಾಚೋದು ಅದೇ ಕಾರ್ಡಿಗೆ.

ಮನೇಲಿ ವಯಸ್ಸಾದವರಿದ್ರೆ ಜೆರಾಕ್ಸ್ ಅಂಗಡಿ ಕಡೆ ಹೋಗಬೇಡಿ, ನೇರ ನಾಡಕಚೇರಿಗೆ ಹೋಗಿ ಯಾವ ವಯಸ್ಸಿಗೆ ಯಾವ ಪಿಂಚಣಿ ಅಂತ ಕೇಳಿ. ವಯಸ್ಸು ನಿಜವಾಗಲೂ ತಪ್ಪಿದ್ರೆ ಮೊದಲು ಶಾಲೆಗೆ ಹೋಗಿ. ಬೆರಳು ಒತ್ತೋ ಮುಂಚೆ ಯಾವ ನಂಬರ್ ಹಾಕ್ತಿದ್ದಾರೆ ಅಂತ ಸ್ಕ್ರೀನ್ ನೋಡಿ. ‘ದಾಖಲೆ ನನ್ ತಲೆನೋವು’ ಅಂದವನ ಹತ್ರ ಒಂದು ನಿಮಿಷವೂ ನಿಲ್ಲಬೇಡಿ.

ಎರಡು ಸಲ ರಜೆ ಹಾಕಿ ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಬಂದೆ. ಮೊಬೈಲ್ ನಂಬರ್ ಬದಲಾಗಿದೆ. ದಿನಾಂಕದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.